ಪರದೆಯೊಳಗಿನ ಮರ್ಯಾದೆ

ಹೊಗೆಸೊಪ್ಪಿನ ಹರಾಜು ಶುರುವಾಯಿತೆಂದರೆ ಹುಣಸೂರಿನ ಸಂಜೆಗೆ ಬೇರೆಯೇ ಕಳೆ. ಚಿಲ್ಕುಂದ, ಕಟ್ಟೆಮಳಲವಾಡಿಯ ಮಾರುಕಟ್ಟೆಯಲ್ಲಿ ಬೇಲು ಇಳಿಸಿ, ಗ್ರೇಡು, ರೇಟು ಅಂತ ಗಂಟಲು ಹರಿದುಕೊಂಡು ಬಂದವರ ಅಂಗಿಯಲ್ಲಿ ಸೊಪ್ಪಿನ ಘಾಟು ಇನ್ನೂ ಹೋಗಿರುವುದಿಲ್ಲ. ದುಡ್ಡೇನೂ ಅವತ್ತೇ ಕೈಗೆ ಸಿಗುವುದಿಲ್ಲ. ಅದು ಬ್ಯಾಂಕಿಗೆ ಬಂದು, ಬೆಳೆಸಾಲಕ್ಕೆ ಮುರಿದುಕೊಂಡು, ಉಳಿದದ್ದು ಆಮೇಲೆ ಕಾಣಿಸಬೇಕು. ಆದರೂ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಬೇಯಿಸಿದ ಸೊಪ್ಪಿಗೆ ಒಂದು ರೇಟು ನಿಂತಿತಲ್ಲ ಎಂಬ ಸಮಾಧಾನಕ್ಕೇ ನಾಲ್ಕು ಜನ ಸೇರಿ ಬಾರಿನ ಕಡೆ ಕಾಲು ಹಾಕುತ್ತಾರೆ.

ತಿಳಿದವರ ಗುಂಪು ಯಾವುದು, ತಿಳಿಯದವರದು ಯಾವುದು ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ. ತಿಳಿದವರು ಪರದೆ ಸರಿಸುವ ಮೊದಲೇ ಬೀದಿಯಲ್ಲಿ ನಿಂತು ಲೆಕ್ಕ ಮುಗಿಸಿರುತ್ತಾರೆ. ಸಂಘದ ಕಂತಿನ ದುಡ್ಡು ಒಳಜೇಬಿಗೆ ಹೋಗಿರುತ್ತದೆ. ಕೊನೇ ಬಸ್ಸು ಎಷ್ಟಕ್ಕೆ ಅಂತ ಒಬ್ಬ ವಿಚಾರಿಸಿಕೊಂಡಿರುತ್ತಾನೆ. ಗಾಡಿಯ ಕೀ ಇನ್ನೊಬ್ಬನ ಕೈ ಸೇರಿರುತ್ತದೆ. "ಇವತ್ತು ನಂದು ಬರೀ ಸೋಡಾ ಕಣಣ್ಣ, ನೀವ್ ಕುಡೀರಿ" ಎನ್ನುವ ಆ ಒಬ್ಬನಿಗೆ ಮೇಜಿನಲ್ಲಿ ಮೊದಲ ಕಬಾಬಿನ ತುಂಡು ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ತಿಳಿಯದವರು ಒಳಗೆ ಕೂತು, ಎರಡು ರೌಂಡು ಆದ ಮೇಲೆ, "ಮನೆಗೆ ಹೆಂಗೋಗೋದ್ಲಾ?" ಅಂತ ಶುರುಮಾಡುತ್ತಾರೆ. ಅಷ್ಟು ಹೊತ್ತಿಗೆ ಎಲ್ಲರೂ ತಾವೇ ಓಡಿಸಬಲ್ಲ ಶೂರರು.

ಒಳಗೆ ಮಂದ ಬೆಳಕು. ಗೋಡೆಗೆ ಟಿವಿ, ಅದರ ಪಕ್ಕ ಕುಂಕುಮವಿಟ್ಟ ದೇವರ ಪಟ, ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿ. ಒಂದು ಸಂಜೆ ಅಂಥದೊಂದು ಗುಂಪಿನ ಮೇಜಿಗೆ ಕಡ್ಲೆಬೀಜ ಮಸಾಲೆಯ ತಟ್ಟೆ ಬಂತು. ಕ್ವಾಟರ್ ಬಾಟಲಿಯ ಸೀಲು ಮೇಜಿನ ಮುಂದೆಯೇ ಒಡೆಯಬೇಕು. ಸಪ್ಲೈಯರ್ ಕೂಡ ಹೇಳಿಸಿಕೊಳ್ಳದೆ ಹಾಗೇ ಮಾಡಿದ. ಗುಂಪಿನ ಹಿರಿಯ ಲೋಟದೊಳಗೆ ಬೆರಳದ್ದಿ ಎರಡು ಹನಿ ನೆಲಕ್ಕೆ ಚಿಮುಕಿಸಿದ. ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ಹೋದ ಹಿರೀಕರಿಗೆ, ಇಲ್ಲವೇ ಮನೆದೇವರಿಗೆ. ಅವನು ಲೋಟ ತುಟಿಗಿಡುವ ತನಕ ಉಳಿದವರ ಕೈ ಮೇಜಿನ ಮೇಲೇ ಇತ್ತು.

ಅಷ್ಟರಲ್ಲಿ ಬಾಗಿಲ ಪರದೆ ಸರಿದು, ಆ ಗುಂಪಿನ ಕಿರಿಯವನ ಸೋದರಮಾವ ಒಳಗೆ ಬರಬೇಕೆ! ಹುಡುಗನ ಲೋಟ ಮೇಜಿನ ಕೆಳಕ್ಕೆ ಇಳಿಯಿತು. ಮಾವನ ಕಣ್ಣು ತಟಕ್ಕನೆ ಟಿವಿಗೆ ಹತ್ತಿತು. ಇಬ್ಬರನ್ನೂ ಬಲ್ಲ ಸಪ್ಲೈಯರ್ ನಡುವೆ ಬಂದು ನಿಂತು, "ಅಣ್ಣೋರೆ, ಒಳಗಡೆ ಫ್ಯಾನ್ ಕೆಳ್ಗೆ ಜಾಗ ಅದೆ ಬನ್ನಿ" ಅಂತ ಹಿರಿಯರನ್ನು ಆಚೆ ರೂಮಿಗೆ ಕರೆದೊಯ್ದ. ಆಮೇಲೆ ಹುಡುಗ ಹಿಂದಿನ ಬಾಗಿಲಿಂದ ಹೊರಟ. ಹೋಗುವಾಗ ಮಾವನ ಬಿಲ್ಲನ್ನೂ ಕಟ್ಟಿದನೆಂದು ಕೌಂಟರಿನವನು ಆಮೇಲೆ ನಕ್ಕು ಹೇಳಿದ. ನಾಳೆ ಸಂತೆಯಲ್ಲಿ ಎದುರಾದಾಗ ಇಬ್ಬರೂ ಮಳೆಯ ಮಾತೇ ಆಡುತ್ತಾರೆ. ಇಲ್ಲಿಯ ಬಾರಿನ ಸಭ್ಯತೆಯಲ್ಲಿ ಮುಕ್ಕಾಲು ಪಾಲು ಇಷ್ಟೇ: ಕಂಡೂ ಕಾಣದ ಹಾಗಿರುವುದು. ಬದುಕಿರುವ ತನಕ ಅಪ್ಪನೆದುರು ಒಂದು ತೊಟ್ಟೂ ಕುಡಿಯದ ಮಗ, ಮಹಾಲಯ ಅಮಾವಾಸ್ಯೆಯಲ್ಲಿ ಅಪ್ಪನ ಫೋಟೋ ಮುಂದೆ ಬಾಡಿನ ಜೊತೆ ಅವರದೇ ಬ್ರ್ಯಾಂಡಿನ ಕ್ವಾಟರ್ ಎಡೆಗಿಡುವ ಸೀಮೆ ಇದು.

ಬಲವಂತ ಮಾಡಬಾರದು ಎನ್ನುವುದೂ ಇಲ್ಲಿ ಹಳೇ ಕಟ್ಟಳೆ. ಸೋಮವಾರ ಮಾದಪ್ಪನಿಗೋ ನಂಜುಂಡೇಶ್ವರನಿಗೋ ಬಿಟ್ಟವರಿದ್ದಾರೆ. ಶ್ರಾವಣ ಶನಿವಾರ ವೆಂಕಟರಮಣನ ಒಕ್ಕಲಿನವರು ಬಾರಿನ ಕಡೆ ತಲೆ ಹಾಕುವುದಿಲ್ಲ. ಡಿಸೆಂಬರಿನಲ್ಲಿ ಅಯ್ಯಪ್ಪನ ಮಾಲೆ ಹಾಕಿದವನನ್ನು ಕರೆಯುವುದೇ ತಪ್ಪು. ದೇವರ ಹೆಸರು ಹೇಳಿದವನನ್ನು ಎರಡನೇ ಸಲ ಯಾರೂ ಕೇಳುವುದಿಲ್ಲ. ಡಾಕ್ಟರ ಹೆಸರು ಹೇಳಿದವನನ್ನು ಮಾತ್ರ, "ಒಂದ್ ನೈಂಟಿಗೆ ಏನಾಗಲ್ಲ ಹಾಕ್ಕೋ" ಅಂತ ಪೀಡಿಸುತ್ತಾರೆ. ಮಾದಪ್ಪನಿಗಿರುವ ಮಾನ ಲಿವರಿಗಿಲ್ಲ.

ಮೇಜು, ಕುರ್ಚಿ, ಬಿಲ್ಲು ಎಂಬ ಈ ಶಿಸ್ತು ಇಲ್ಲಿನ ಎಲ್ಲರಿಗೂ ಹಳೆಯದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅಲ್ಲಿಯವರೆಗೆ ಕೂಲಿ ಮಾಡುವವರ ಪಾಲಿಗೆ ಕುಡಿತವೆಂದರೆ ಹಲ್ಲಿನಿಂದ ಕಚ್ಚಿ ಹರಿದ ಪ್ಯಾಕೆಟ್ಟು, ನಿಂತಲ್ಲೇ ಒಂದು ಗುಟುಕು. ಅವರು ಆಮೇಲೆ ವೈನ್ ಶಾಪಿಗೆ, ಟೆಟ್ರಾ ಪ್ಯಾಕಿಗೆ ಬಂದರು. ವೈನ್ ಶಾಪಿನ ಪರವಾನಗಿ ಮಾರುವುದಕ್ಕೆ ಮಾತ್ರ, ಅಲ್ಲೇ ನಿಂತು ಕುಡಿಯುವುದಕ್ಕಲ್ಲ. ಹಾಗಾಗಿ ಕೆರೆ ಏರಿ, ಶಾಲೆಯ ಜಗಲಿ, ಗದ್ದೆ ಬದುವೇ ಬಾರು. ಬೆಳಿಗ್ಗೆ ಬರಿಗಾಲಲ್ಲಿ ನಾಟಿಗೆ ಇಳಿಯುವ ಹೆಂಗಸರಿಗೆ ಗಾಜಿನ ಚೂರು ಸಿಕ್ಕಾಗ ಆಡುವ ಬೈಗುಳವನ್ನು ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಒಮ್ಮೆ ಕೇಳಿಸಿಕೊಳ್ಳಬೇಕು. ಖಾಲಿ ಬಾಟಲಿ ಗದ್ದೆಗೆ ಎಸೆಯಬೇಡಿ ಎಂಬ ಪಾಠವನ್ನು ಅದಕ್ಕಿಂತ ಖಾರವಾಗಿ ಯಾವ ಬೋರ್ಡೂ ಹೇಳಲಾರದು.

ಹೆಂಗಸರ ಮಾತು ಬಂದದ್ದರಿಂದ ಹೇಳುತ್ತೇನೆ. ಮಾವ, ಅಳಿಯ, ಹಿರಿಯ, ಕಿರಿಯ ಎಂಬ ಈ ಮರ್ಯಾದೆಯೆಲ್ಲ ಗಂಡಸರು ಗಂಡಸರಿಗೆಂದೇ ಮಾಡಿಕೊಂಡದ್ದು. ಬಾರಿನಲ್ಲಿ ಮಾವನ ಮುಖ ಉಳಿಸಿದ ಹುಡುಗ ಮನೆಯಲ್ಲಿ ಮುದ್ದೆ ಮುಚ್ಚಿಟ್ಟು ಕೂತವಳಿಗೆ ಒಂದು ಫೋನು ಮಾಡಿರುವುದಿಲ್ಲ. "ಇಷ್ಟೊತ್ತಿಗೆ ಬರ್ತೀನಿ, ನೀನು ಉಂಡ್ಕೋ" ಎನ್ನಲು ಎಷ್ಟು ಹೊತ್ತು ಬೇಕು?

ಪಿರಿಯಾಪಟ್ಟಣದಲ್ಲಿ ಜನ ತುಂಬುವುದು ಬಟವಾಡೆಯ ದಿನ. ಕೊಡಗಿನ ಕಾಫಿ ತೋಟಗಳಿಗೆ ಜೀಪು, ಪಿಕಪ್ಪುಗಳಲ್ಲಿ ಹೋಗಿ ಬರುವ ಕೂಲಿಯವರು ವಾರದ ಸಂಬಳ ಹಿಡಿದು ಇಳಿಯುತ್ತಾರೆ. ಇಲ್ಲಿ ಬಿಲ್ಲಿನ ಜಗಳ ನೋಡಬೇಕು, "ನಾನ್ ಕೊಡ್ತೀನಿ, ನಾನ್ ಕೊಡ್ತೀನಿ" ಅಂತ ಕೈ ಹಿಡಿದು ಎಳೆದಾಡುವ ಜಗಳ. ಹೋದ ವಾರ ಕೊಟ್ಟವನು ಈ ವಾರ ಎಳೆದಾಡಿದ ಹಾಗೆ ಮಾಡಿ ಸೋಲಬೇಕು. ಪ್ರತಿ ಸಲ ಅವನೇ ಗೆದ್ದರೆ ಅದು ದೊಡ್ಡಸ್ತಿಕೆಯಾಗುತ್ತದೆ, ಪ್ರತಿ ಸಲ ಸೋತರೆ ಮುಂದಿನ ವಾರ ಕರೆಯುವುದಿಲ್ಲ. ಸಪ್ಲೈಯರಿಗೆ ಇಪ್ಪತ್ತು ರೂಪಾಯಿ ತಟ್ಟೆಯಲ್ಲಿ ಬಿಟ್ಟರೆ ಸಾಕು, ಅವನನ್ನು "ಲೇ" ಅನ್ನದಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಹನ್ನೊಂದೂವರೆಗೆ ಶಟರು ಎಳೆಯಲೇಬೇಕಾದವನು ಅವನು. ಲೈಟು ಆರಿಸಿ ಹತ್ತಿಸಿದರೆ ಅರ್ಥ ಮಾಡಿಕೊಂಡು ಏಳಬೇಕು.

ಹೊರಗೆ ಪೊಲೀಸರ ಊದುಯಂತ್ರ ಕಾದಿರುತ್ತದೆ. ನೂರು ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ದಾಟಿದರೆ ಕೇಸು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಂದು ಪೆಗ್ಗಿಗೇ ಆ ಗೆರೆ ಹತ್ತಿರವಾಗಬಹುದು. ನಿಂಬೆಹಣ್ಣು, ಮಜ್ಜಿಗೆ, ಸೋಂಪು ಯಾವುದೂ ಆ ಯಂತ್ರಕ್ಕೆ ಮಂಕುಬೂದಿ ಎರಚುವುದಿಲ್ಲ.

ಹೆಗ್ಗಡದೇವನಕೋಟೆಯಲ್ಲಿ ಪೊಲೀಸರಿಗಿಂತ ಮೊದಲು ಆನೆಯ ಲೆಕ್ಕ ಹಾಕಬೇಕು. ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ಗ್ಲಾಸು ಹಿಡಿದವರಿಗೆ ರೂಮು ಹತ್ತು ಹೆಜ್ಜೆ ದೂರ. ಕೋಟೆ ಪೇಟೆಯಲ್ಲಿ ಕುಡಿದು ಕಾಡಂಚಿನ ಊರಿಗೆ ಹೋಗುವವನ ದಾರಿಯೇ ಬೇರೆ. ಮಾನಂದವಾಡಿ ರಸ್ತೆಯ ಕಾಡಿನ ಭಾಗ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಅದರ ಈಚೆಯ ಊರುಗಳಿಗೆ ಗೇಟಿಲ್ಲ, ಬೆಳೆ ಹುಡುಕಿ ಬರುವ ಆನೆಗೂ ಇಲ್ಲ. ಅದಕ್ಕೇ ಇಲ್ಲಿಯ ಕೌಂಟರಿನವರು ಏನು ಬೇಕು ಎಂದು ಕೇಳುವ ಮೊದಲು, "ಯಾವೂರ್ಗೆ ಹೋಗ್ಬೇಕು?" ಎನ್ನುತ್ತಾರೆ. ಅಂತರಸಂತೆ ಕಡೆಯವರೆಂದರೆ ಕತ್ತಲಾಗುತ್ತಿದ್ದಂತೆ ಬಿಲ್ಲು ತಂದು ಮೇಜಿನ ಮೇಲಿಡುತ್ತಾರೆ.

"ಇನ್ನೊಂದ್ ಸಿಕ್ಸ್ಟಿ ಕೊಡಪ್ಪ" ಎಂದ ಒಬ್ಬರು.

"ನಾಳಿಕ್ ಬನ್ನಿ ಯಜಮಾನ್ರೆ, ಅದೇನು ಎಲ್ಲೂ ಓಡೋಗಲ್ಲ. ಆಟೋದವ್ನು ಆಗ್ಲೆ ಎರಡ್ ಸಲ ಹಾರನ್ ಹೊಡ್ದ."