ಕಸಿ ಕಟ್ಟುವ ಊರು ಪುತ್ತೂರು

ಮಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಪುತ್ತೂರು ಹೊರಗಿನವರಿಗೆ ಮಹಾಲಿಂಗೇಶ್ವರ ದೇವಸ್ಥಾನದ ಊರು, ಅಡಿಕೆಯ ಊರು, ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯ ಊರು. ಗೇರು ಬೆಳೆಗಾರರಿಗೆ ಮಾತ್ರ ಪುತ್ತೂರು ಎಂದರೆ ಮೊಟ್ಟೆತ್ತಡ್ಕ. 1986ರಲ್ಲಿ ಇಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಗೇರು ಸಂಶೋಧನಾ ನಿರ್ದೇಶನಾಲಯ. ಪ್ರಯೋಗಾಲಯ, ತೋಟ, ತಳಿ ಸಂಗ್ರಹ ಎಲ್ಲವೂ ಇಲ್ಲಿವೆ. ಆದರೆ ರೈತರನ್ನು ಈ ಗುಡ್ಡಕ್ಕೆ ಕರೆತರುವುದು ನರ್ಸರಿ. ಅಲ್ಲಿ ಎರಡು ತಿಂಗಳೂ ತುಂಬದ ಸಸಿಯ ತಲೆ ಕತ್ತರಿಸಿ, ಬೇರೊಂದು ಮರದ ಕಡ್ಡಿ ಕೂರಿಸುವ ಕೆಲಸ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ನಡೆಯುತ್ತದೆ.

ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರು ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ಬೇಗನೆ ನೆಲೆಯೂರಿತು. ಆರೈಕೆ ಬೇಡದ ಮರವೆಂದು ಜನ ಬೀಜ ಎಸೆದರು, ಅದು ಹುಟ್ಟಿತು. ತೊಂದರೆ ಇದ್ದದ್ದೂ ಅಲ್ಲೇ. ಗೇರಿನಲ್ಲಿ ಪರಕೀಯ ಪರಾಗಸ್ಪರ್ಶ ಹೆಚ್ಚು. ಒಂದೇ ಮರದ ಹತ್ತು ಬೀಜ ಬಿತ್ತಿದರೆ ಹತ್ತು ಬಗೆಯ ಮರಗಳು ಏಳುತ್ತವೆ. ಒಂದು ಬುಟ್ಟಿಗಟ್ಟಲೆ ಬಿಟ್ಟರೆ ಪಕ್ಕದ್ದು ಬರೀ ಎಲೆ. ಇದು ಗೊತ್ತಾಗುವ ಹೊತ್ತಿಗೆ ರೈತನ ನಾಲ್ಕೈದು ವರ್ಷ ಕಳೆದಿರುತ್ತದೆ.

ಒಳ್ಳೆಯ ಮರದ ಗುಣವನ್ನು ಹಾಗೇ ಉಳಿಸಿಕೊಳ್ಳುವ ದಾರಿಗಾಗಿ ಹಲವು ಪ್ರಯತ್ನಗಳು ನಡೆದವು. ಕೊಂಬೆಗೇ ಬೇರು ಬರಿಸುವ ಗೂಟಿ ವಿಧಾನದಲ್ಲಿ ಗಿಡವೇನೋ ಸಿಕ್ಕಿತು, ಆದರೆ ತಾಯಿಬೇರು ಇಲ್ಲದ ಆ ಗಿಡ ಗಾಳಿಗೆ ಬಗ್ಗುತ್ತಿತ್ತು. ಹತ್ತು ಹದಿನೈದು ದಿನದ ಮೊಳಕೆಗೇ ಕಸಿ ಮಾಡಿದರೆ ಬುಡ ಕೊಳೆಯುವ ರೋಗದ ಕಾಟ. 1980ರ ದಶಕದಲ್ಲಿ ಗೇರಿಗೆ ಒಗ್ಗಿಬಂದದ್ದು ಮೃದುಕಾಂಡ ಕಸಿ. ಮೊಳಕೆಯಷ್ಟು ಎಳೆಯದೂ ಅಲ್ಲ, ಕಟ್ಟಿಗೆಯಾಗಿ ಬಲಿತದ್ದೂ ಅಲ್ಲ, 40ರಿಂದ 60 ದಿನದ ಸಸಿಯೇ ಇದಕ್ಕೆ ಸರಿ. ಆ ವಯಸ್ಸಿನ ಕಾಂಡದಲ್ಲಿ ಜೀವಕೋಶಗಳು ಚುರುಕಾಗಿ ಒಡೆದು ಬೆಳೆಯುತ್ತಿರುತ್ತವೆ, ಗಾಯ ಬೇಗ ಕೂಡುತ್ತದೆ. ಕೆಳಗೆ ಬೀಜದಿಂದ ಬಂದ ಗಟ್ಟಿ ತಾಯಿಬೇರು, ಮೇಲೆ ತಾಯಿಮರದ ಗುಣ. ಗೂಟಿಯಿಂದ ಸಿಗದ ಈ ಜೋಡಿ ಇಲ್ಲಿ ಸಿಕ್ಕಿತು.

ಕೆಲಸ ಸರಳವಾಗಿ ಕಾಣುತ್ತದೆ, ಆದರೆ ಪ್ರತಿ ಹಂತಕ್ಕೂ ಒಂದು ಲೆಕ್ಕವಿದೆ. ಬಿತ್ತುವ ಬೀಜವನ್ನು ಮೊದಲು ನೀರಿಗೆ ಹಾಕಿ ನೋಡುತ್ತಾರೆ. ಮುಳುಗಿದ್ದು ಬಿತ್ತನೆಗೆ, ತೇಲಿದ್ದು ಹೊರಗೆ. ರಾತ್ರಿಯಿಡೀ ನೆನೆಸಿದ ಬೀಜವನ್ನು ತೊಟ್ಟಿನ ಭಾಗ ಮೇಲೆ ಬರುವಂತೆ ಮಣ್ಣು, ಮರಳು, ಗೊಬ್ಬರ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಊರುತ್ತಾರೆ.

ಅತ್ತ ತಾಯಿಮರದ ಮೇಲೆ ಬೇರೆಯೇ ಸಿದ್ಧತೆ. ಹೂ ಬಿಡದ, ಪೆನ್ಸಿಲ್ ಗಾತ್ರದ, ಮೂರರಿಂದ ಐದು ತಿಂಗಳ ಕುಡಿಗಳನ್ನು ಗುರುತಿಸಿ, ಎಲೆಯ ಅಲಗನ್ನಷ್ಟೇ ಕತ್ತರಿಸಿ ತೊಟ್ಟನ್ನು ಬಿಡುತ್ತಾರೆ. ವಾರ ಹತ್ತು ದಿನದಲ್ಲಿ ಆ ತೊಟ್ಟುಗಳು ತಾವಾಗಿ ಉದುರುತ್ತವೆ, ತುದಿಯ ಮೊಗ್ಗು ಉಬ್ಬುತ್ತದೆ. ಕಡ್ಡಿ ಕೊಯ್ಯುವುದು ಆಗ. ದೂರ ಸಾಗಿಸಬೇಕಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಟ್ಟೆಯೊಳಗೆ ಇಡುತ್ತಾರೆ.

ಕಸಿ ಕಟ್ಟುವವರ ಕೈ ನೋಡಬೇಕು. ಸಸಿಯ ಬುಡದ ಎರಡು ಜೋಡಿ ಎಲೆ ಬಿಟ್ಟು ಉಳಿದವನ್ನು ತೆಗೆದು, ನೆಲದಿಂದ ಒಂದು ಗೇಣಿನೊಳಗೇ ತಲೆ ಕತ್ತರಿಸುತ್ತಾರೆ. ಕಾಂಡದ ನಟ್ಟನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ ಸೀಳು. ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆಯಂತೆ ಮಾಡಿ ಸೀಳಿನೊಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ತೊಗಟೆಗೆ ತೊಗಟೆ ತಾಗಲೇಬೇಕು. ಕಡ್ಡಿ ಸಸಿಗಿಂತ ಸಣ್ಣದಾದರೆ ನಡುವೆ ಕೂರಿಸದೆ ಒಂದು ಬದಿಗಾದರೂ ಸರಿಯಾಗಿ ಹೊಂದಿಸುತ್ತಾರೆ. ಮೇಲೆ ಕಿರಿದಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಟೋಪಿಯಂತೆ ತೊಡಿಸಿ ಕಟ್ಟಿದರೆ ಒಳಗಿನ ತೇವ ಆರುವುದಿಲ್ಲ. ಎರಡು ಮೂರು ವಾರದಲ್ಲಿ ಕೊಳವೆ ತೆಗೆಯುತ್ತಾರೆ. ಹಸಿರು ಚಿಗುರು ಕಂಡರೆ ಕಸಿ ಹತ್ತಿದೆ ಎಂದರ್ಥ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೇವದ ಗಾಳಿ ಈ ಕೆಲಸಕ್ಕೆ ಒದಗಿಬರುತ್ತದೆ. ಗಿಡ ತೋಟಕ್ಕೆ ಸಿದ್ಧವಾಗಲು ಐದಾರು ತಿಂಗಳು ಸಾಕು, ಫಸಲು ಮೂರನೇ ವರ್ಷದಿಂದ.

ಕಸಿ ಕೈಗೆ ಸಿಕ್ಕಿದ ಮೇಲೆಯೇ ತಳಿಗಳ ಮಾತಿಗೆ ಬೆಲೆ ಬಂದದ್ದು. 2006ರಲ್ಲಿ ಇಲ್ಲಿಂದ ಬಿಡುಗಡೆಯಾದ ‘ಭಾಸ್ಕರ’ ತಳಿ ಹೂ ಬಿಡುವ ಕಾಲದ ಹೊಂದಾಣಿಕೆಯಿಂದ ಚಹಾ ಸೊಳ್ಳೆ ಎಂಬ ಕೀಟದ ಹಾವಳಿಯಿಂದ ಬಹುಮಟ್ಟಿಗೆ ಪಾರಾಗುತ್ತದೆ. ಕರಾವಳಿಯ ಬೆಳೆಗಾರರಿಗೆ ಇದು ಸಣ್ಣ ಸಮಾಧಾನವಲ್ಲ. ‘ನೇತ್ರ ಜಂಬೋ-1’ ತಳಿಯ ಒಂದು ಬೀಜ ಸುಮಾರು 12 ಗ್ರಾಂ ತೂಗುತ್ತದೆ. ಐದು ಗ್ರಾಂನ ನಾಟಿ ಬೀಜವಾದರೆ ಒಂದು ಕಿಲೋಗೆ 200 ಬೀಜ ಹೆಕ್ಕಬೇಕು, ಇದರಲ್ಲಿ 84 ಸಾಕು. ಏಪ್ರಿಲ್ ಬಿಸಿಲಿನಲ್ಲಿ ಬಗ್ಗಿ ಬೀಜ ಹೆಕ್ಕುವವರ ಬೆನ್ನಿಗೆ ಈ ವ್ಯತ್ಯಾಸ ಗೊತ್ತು. ಹೆಕ್ಕಲು ಜನ ಸಿಗದೆ ಫಸಲು ಮರದಡಿಯಲ್ಲೇ ಉಳಿಯುವ ಈ ದಿನಗಳಲ್ಲಿ ಇಳುವರಿಗಿಂತಲೂ ಈ ಗುಣವೇ ದೊಡ್ಡದು.

ಹಾಗೆಂದು ಎಲ್ಲ ಗುಡ್ಡಗಳಲ್ಲೂ ನಾಲ್ಕೈದು ತಳಿಗಳ ಕಸಿಗಿಡಗಳೇ ತುಂಬಿದರೆ ಹಳೆಯ ವೈವಿಧ್ಯ ಎಲ್ಲಿ ಉಳಿಯಬೇಕು? ಅದಕ್ಕೂ ಪುತ್ತೂರಿನಲ್ಲಿ ಜಾಗವಿದೆ. ದೇಶದ ಬೇರೆಬೇರೆ ಕಡೆಗಳಿಂದ ತಂದ 500ಕ್ಕೂ ಹೆಚ್ಚು ಬಗೆಯ ಗೇರು ಇಲ್ಲಿನ ರಾಷ್ಟ್ರೀಯ ತಳಿ ಸಂಗ್ರಹದ ತೋಟದಲ್ಲಿ ಬೆಳೆಯುತ್ತಿವೆ. ಬೀಜ ತಂದು ಬಿತ್ತಿದರೆ ಗುಣ ಬದಲಾಗುತ್ತದೆ. ಆದ್ದರಿಂದ ದೂರದ ಮರಗಳೂ ಇಲ್ಲಿಗೆ ಕಡ್ಡಿಗಳಾಗಿಯೇ ಬಂದು, ಎಳೆಯ ಸಸಿಗಳ ಮೇಲೆ ಕೂತು ಮರವಾಗಿವೆ. ಒಂದೇ ಬಗೆಯ ತೋಟ ಕಟ್ಟಿಕೊಡುವ ಚೂರಿಯೇ ನೂರಾರು ಬಗೆಗಳನ್ನೂ ಕಾಯುತ್ತಿದೆ. ಮೊಟ್ಟೆತ್ತಡ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ.

ಕಸಿಗಿಡ ಕೊಳ್ಳುವವರು ಕಸಿ ಗಂಟು ಪೂರ್ತಿ ಕೂಡಿದೆಯೇ, ತಾಯಿಮರ ಯಾವುದು ಎಂದು ಕೇಳಿಯೇ ಕೊಳ್ಳಬೇಕು. ನೆಡುವಾಗ ಗಂಟು ಮಣ್ಣಿನಿಂದ ಮೇಲಿರಲಿ, ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಲು ಮರೆಯಬಾರದು. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟದಿದ್ದರೆ ಕಾಸು ಕೊಟ್ಟು ತಂದ ಕಸಿ ಸೊರಗಿ, ಕೆಳಗಿನ ಕಾಡುಗಿಡವೇ ಮರವಾಗುತ್ತದೆ. ಇನ್ನೊಂದು ಮಾತು. ಗುಡ್ಡದ ಮೂಲೆಯಲ್ಲಿ ವರ್ಷವೂ ತಪ್ಪದೆ ಕಾಯುವ, ದೊಡ್ಡ ಬೀಜದ ಹಳೆಯ ಮರವೊಂದು ಇದ್ದರೆ, ರಬ್ಬರಿಗೋ ಮನೆ ನಿವೇಶನಕ್ಕೋ ಅದನ್ನು ಕಡಿಯುವ ಮೊದಲು ಸಂಶೋಧನಾ ಕೇಂದ್ರಕ್ಕೆ ತಿಳಿಸಿ. ಆ ಮರವನ್ನು ಉಳಿಸಿಕೊಳ್ಳಲು ಕೆಲವು ಕಡ್ಡಿಗಳು ಸಿಕ್ಕರೂ ಸಾಕು.