ಗುರುವಾರದ ಕೆಂಪು ಜಾಕೀಟು

ಜೋಹಾನ್ಸ್‌ಬರ್ಗಿನ ಮಿನಿಬಸ್ ನಿಲ್ದಾಣಗಳಲ್ಲಿ ಗುರುವಾರ ಮಧ್ಯಾಹ್ನ ಸ್ವಲ್ಪ ಹೊತ್ತು ನಿಂತರೆ ಸಾಕು, ಅವರು ಕಣ್ಣಿಗೆ ಬೀಳುತ್ತಾರೆ. ಕಡುಗೆಂಪು ಜಾಕೀಟು, ಬಿಳಿ ಕಾಲರು, ಕಪ್ಪು ಲಂಗ, ಕಪ್ಪು ಕಾಲುಚೀಲ, ತಲೆಗೆ ಬಿಳಿ ಟೋಪಿ. ಕೈಚೀಲದಲ್ಲಿ ಬೈಬಲ್ಲು ಮತ್ತು ಕೀರ್ತನೆ ಪುಸ್ತಕ. ಇವರು ಮೆಥಡಿಸ್ಟ್ ಸಭೆಯ ‘ಮನ್ಯಾನೊ’ ಎಂಬ ಪ್ರಾರ್ಥನಾ ಸಂಘದ ಹೆಂಗಸರು. ದಕ್ಷಿಣ ಆಫ್ರಿಕಾದ ಕಪ್ಪು ಜನರ ಬಹುಪಾಲು ಚರ್ಚುಗಳಲ್ಲಿ ಇಂಥ ಪ್ರಾರ್ಥನಾ ಸಂಘಗಳಿವೆ. ಆಂಗ್ಲಿಕನ್, ಲುಥೆರನ್, ಕ್ಯಾಥೊಲಿಕ್ ಸಂಘಗಳ ಬಣ್ಣಗಳು ಬೇರೆ. ಆದರೆ ಕೆಂಪಿನವರ ಹತ್ತಿರ ಹೋದವರಿಗೆ ಆ ಬಣ್ಣ ಸುಲಭವಾಗಿ ಮರೆತುಹೋಗುವುದಿಲ್ಲ.

ಅದೇ ನಗರದ ಸೊವೆಟೊದಲ್ಲಿ ಅಂಥ ಒಬ್ಬ ಹಿರಿಯ ಕಾರ್ಯಕರ್ತೆಯ ಬೆನ್ನುಹತ್ತಿ ಒಂದು ಗುರುವಾರವಿಡೀ ತಿರುಗಾಡಿದೆ. ಎಪ್ಪತ್ತು ದಾಟಿದ ವಿಧವೆ. ಜೀವಮಾನವೆಲ್ಲ ಉತ್ತರದ ಬಡಾವಣೆಗಳ ಬಿಳಿಯರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳ ಆರೈಕೆ ಮಾಡಿದವರು. ಈಗ ಮೊಮ್ಮಕ್ಕಳ ಜೊತೆ ಇದ್ದಾರೆ. ಅವರನ್ನು ಇಲ್ಲಿ ‘ಅಮ್ಮ’ ಎಂದೇ ಕರೆಯುತ್ತೇನೆ, ಓಣಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ.

ನಾನು ಹೋದಾಗ ಅಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಲಂಗ. ಕಪ್ಪು ಮನುಷ್ಯರ ಪಾಪಕ್ಕೆ, ಕೆಂಪು ಕ್ರಿಸ್ತನ ರಕ್ತಕ್ಕೆ, ಬಿಳಿ ಶುದ್ಧಿಗೆ ಎಂದು ಅಮ್ಮ ಒಂದೊಂದನ್ನೂ ಮುಟ್ಟಿ ತೋರಿಸಿದರು. ಇದು ಅಂಗಡಿಯಿಂದ ಕೊಂಡು ತೊಟ್ಟುಕೊಳ್ಳುವ ಬಟ್ಟೆಯಲ್ಲ. ಸೇರಬಯಸುವವಳು ಮೊದಲು ಸಾದಾ ಉಡುಪಿನಲ್ಲಿ ಬಂದು ಕೂರಬೇಕು. ಅವಳ ನಡತೆಯನ್ನೂ ಮನೆತನವನ್ನೂ ಹಿರಿಯರು ಗಮನಿಸುತ್ತಾರೆ. ಅವರಿಗೆ ಒಪ್ಪಿಗೆಯಾದ ಮೇಲೆ ಒಂದು ದಿನ ಸಭೆಯ ಎದುರು ಜಾಕೀಟು ತೊಡಿಸುತ್ತಾರೆ. ಅದನ್ನು ತೊಟ್ಟು ಜಗಳವಾಡುವಂತಿಲ್ಲ, ಹೆಂಡದಂಗಡಿಯ ಮುಂದೆ ನಿಲ್ಲುವಂತಿಲ್ಲ. ಅಮ್ಮನ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಮಡಿಸಿಟ್ಟಿದೆ. ತಮ್ಮನ್ನು ಮಣ್ಣು ಮಾಡುವಾಗ ಅದನ್ನೇ ತೊಡಿಸಬೇಕೆಂದು ಮಕ್ಕಳಿಗೆ ಹೇಳಿಟ್ಟಿದ್ದಾರೆ.

ಇನ್ನೊಬ್ಬರ ಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಹಿತ್ತಲ ಕೋಣೆಯಲ್ಲಿ ಬದುಕಿದವರಿಗೆ ಈ ಬಟ್ಟೆ ಏನಾಗಿತ್ತು ಎಂಬುದು ಅದನ್ನು ಅವರು ಮೊಳೆಗೆ ತೂಗುಹಾಕಿದ ರೀತಿಯಲ್ಲೇ ತಿಳಿಯಿತು. ಏಪ್ರನ್ನು ಯಜಮಾನಿ ಕೊಟ್ಟದ್ದು. ಜಾಕೀಟು ತಮ್ಮವರು ಕೊಟ್ಟದ್ದು.

ಗುರುವಾರವೇ ಏಕೆ ಎಂಬುದರ ಉತ್ತರವೂ ಆ ಹಿತ್ತಲ ಕೋಣೆಯಲ್ಲೇ ಇದೆ. ಮನೆಗೆಲಸದವರಿಗೆ ವಾರದ ನಡುವೆ ಸಿಗುತ್ತಿದ್ದ ಬಿಡುವು ಗುರುವಾರದ ಮಧ್ಯಾಹ್ನ ಮಾತ್ರ. ಸ್ವಂತ ಮಕ್ಕಳನ್ನು ಜೊತೆಯಲ್ಲಿಟ್ಟುಕೊಳ್ಳಲು ಬಿಡದ ಊರಿನಲ್ಲಿ, ಆ ಕೆಲವು ಗಂಟೆಗಳನ್ನು ಅವರು ನಿದ್ದೆಗೆ ಕೊಡಲಿಲ್ಲ, ಪ್ರಾರ್ಥನೆಗೆ ಕೊಟ್ಟರು.

ಸಂಘದ ಮೂಲ ಹುಡುಕಿದರೆ 1907ರ ಪೊಚೆಫ್‌ಸ್ಟ್ರೂಮ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಆಫ್ರಿಕನ್ ಸಭಾಪಾಲಕರ ಪತ್ನಿ ಶ್ರೀಮತಿ ಗ್ಕೋಷೊ ಹೆಂಗಸರನ್ನು ಕೂಡಿಸಿ, ಮನೆಯ ಕಾಯಿಲೆ ಕಷ್ಟಗಳಿಗಾಗಿ ಪ್ರಾರ್ಥಿಸತೊಡಗಿದರು. ದಕ್ಷಿಣ ಆಫ್ರಿಕಾದಲ್ಲಿ ಮೆಥಡಿಸ್ಟ್ ಮತ ಹರಡಿದವರು ವೆಸ್ಲಿಯನ್ ಮಿಷನರಿಗಳು. ಮೈಸೂರಿನಲ್ಲಿ ಮುದ್ರಣಾಲಯ ನಡೆಸಿ ‘ವೃತ್ತಾಂತ ಪತ್ರಿಕೆ’ ಹೊರಡಿಸಿದವರೂ ಅದೇ ಪಂಗಡದವರು. ಮಿಷನರಿಗಳಿಗೆ ಹೊಲಿಗೆ, ಮನೆವಾರ್ತೆ ಕಲಿಸುವ ಮಹಿಳಾ ಸಂಘ ಬೇಕಿತ್ತು. ಆಫ್ರಿಕನ್ ಹೆಂಗಸರಿಗೆ ಬಾಯಿಬಿಟ್ಟು ಪ್ರಾರ್ಥಿಸಬೇಕಿತ್ತು, ಅಳಬೇಕಿತ್ತು. ಗೆದ್ದವರು ಹೆಂಗಸರೇ. ಸಭೆ ನಡೆಸುವುದು, ಚಂದಾ ಎತ್ತುವುದು, ನಿಂತು ಮಾತಾಡುವುದು ಎಲ್ಲವನ್ನೂ ಅವರು ಇಲ್ಲೇ ಕಲಿತರು. 1956ರ ಆಗಸ್ಟ್ 9ರಂದು ಕಪ್ಪು ಜನರು ಓಡಾಡಲು ಪಾಸ್ ಹೊಂದಿರಬೇಕೆಂಬ ಕಾನೂನಿನ ವಿರುದ್ಧ ಪ್ರಿಟೋರಿಯಾದ ಸರ್ಕಾರಿ ಸೌಧ ಯೂನಿಯನ್ ಬಿಲ್ಡಿಂಗ್ಸ್‌ಗೆ ಸುಮಾರು 20,000 ಹೆಂಗಸರು ನಡೆದು ಹೋದರಲ್ಲ, ಅಂಥ ಒಗ್ಗಟ್ಟಿನ ಬೇರುಗಳನ್ನು ರಾಜಕೀಯ ಪಕ್ಷಗಳಲ್ಲಿ ಮಾತ್ರ ಹುಡುಕುವುದು ಸರಿಯಲ್ಲ.

ಅಮ್ಮನ ದಿನ ಶುರುವಾಗುವುದು ಪ್ರಾರ್ಥನೆಗೂ ಮೊದಲೇ. ಬೆಳಿಗ್ಗೆ ಮೂರು ಮನೆಗಳಿಗೆ ಹೋಗಬೇಕಿತ್ತು. ಲಕ್ವ ಹೊಡೆದು ಮಲಗಿದ ಮುದುಕರೊಬ್ಬರ ಬೆನ್ನೊರೆಸಿ, ಮಗ್ಗುಲು ಬದಲಿಸಿದರು. ಇನ್ನೊಂದು ಮನೆಯಲ್ಲಿ ಎಚ್‌ಐವಿ ಮಾತ್ರೆ ನುಂಗುವ ಯುವತಿಯ ಡಬ್ಬಿ ತೆರೆದು ನೋಡಿ, ಏನೂ ಹೇಳದೆ ಮುಚ್ಚಿಟ್ಟರು. ಮಾತ್ರೆ ತಪ್ಪಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧಿ ಸಿಗತೊಡಗಿದ್ದು 2004ರಲ್ಲಿ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಒಂದೇ ಶನಿವಾರ ಹಲವು ಶವಸಂಸ್ಕಾರಗಳಿಗೆ ಓಡುತ್ತಿದ್ದುದನ್ನು ಅಮ್ಮ ನೆನಪಿಸಿಕೊಂಡರು. ಜನ ಮುಟ್ಟಲು ಹೆದರುತ್ತಿದ್ದ ಹೆಣಗಳನ್ನು ತೊಳೆದವರು ಈ ಕೆಂಪು ಜಾಕೀಟಿನವರು.

ಮೂರನೆಯದು ಸಾವಿನ ಮನೆ. ಮಗನನ್ನು ಕಳೆದುಕೊಂಡ ತಾಯಿ ಕೋಣೆಯ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಮಣ್ಣು ಮಾಡುವವರೆಗೂ ಅವರು ಅಲ್ಲೇ ಇರಬೇಕು. ಪ್ರತಿ ಸಂಜೆ ಪ್ರಾರ್ಥನೆ, ಶುಕ್ರವಾರ ಇಡೀ ರಾತ್ರಿ ಜಾಗರಣೆ, ಶನಿವಾರ ಬೆಳಿಗ್ಗೆ ಸ್ಮಶಾನ. ಅಂಗಳದಲ್ಲಿ ದೊಡ್ಡ ಪಾತ್ರೆಗಳು ಬಂದಿಳಿದಿದ್ದವು. ಅಮ್ಮ ನೆಲಕ್ಕೆ ಕುಳಿತು ಆ ತಾಯಿಯ ಕೈ ಹಿಡಿದುಕೊಂಡರು. ಆಮೇಲೆ ಹೊರಗೆ ಬಂದು ಈರುಳ್ಳಿ ಹೆಚ್ಚುವವರು ಯಾರು, ಮೆಕ್ಕೆಜೋಳದ ಹಿಟ್ಟು ತರುವವರು ಯಾರು ಎಂದು ಕೆಲಸ ಹಂಚಿದರು. ಎರಡೂ ಅವರಿಗೆ ಒಂದೇ ಸೇವೆ.

ಮಧ್ಯಾಹ್ನದ ಪ್ರಾರ್ಥನೆಯಲ್ಲಿ ವಾದ್ಯ ಎಂದರೆ ಅಂಗೈಯಲ್ಲಿ ಹಿಡಿದು ಬಡಿಯುವ ಒಂದು ಗಟ್ಟಿ ದಿಂಬು, ಜೊತೆಗೊಂದು ಗಂಟೆ. ಒಬ್ಬಾಕೆ ಎದ್ದು ತನ್ನ ಸಂಕಟ ಹೇಳುತ್ತಾಳೆ. ಮಾತು ಗಂಟಲಲ್ಲಿ ನಿಂತ ಕಡೆ ಇನ್ನೊಬ್ಬಾಕೆ ಕೀರ್ತನೆ ಎತ್ತಿಕೊಳ್ಳುತ್ತಾಳೆ. ದಿಂಬಿನ ಪೆಟ್ಟಿಗೆ ಎಲ್ಲ ಕಾಲುಗಳೂ ಅಲುಗುತ್ತವೆ. ಆಮೇಲೆ ಎಲ್ಲರೂ ಮೊಣಕಾಲೂರಿ ಒಟ್ಟಿಗೇ, ತಮ್ಮ ತಮ್ಮ ಮಾತಿನಲ್ಲಿ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಷೋಸಾ, ಜುಲು, ಸೊಥೊ, ತ್ಸ್ವಾನ ಎಲ್ಲ ಭಾಷೆಗಳೂ ಒಂದರ ಮೇಲೊಂದು ಬೀಳುತ್ತವೆ. ದೇಶದ ರಾಷ್ಟ್ರಗೀತೆಯ ಮೊದಲ ಭಾಗದ ಮೂಲವನ್ನು 1897ರಲ್ಲಿ ರಚಿಸಿದ ಎನೋಕ್ ಸೊಂಟೊಂಗಾ ಇಲ್ಲೇ ಸಮೀಪದ ನ್ಯಾನ್ಸ್‌ಫೀಲ್ಡಿನ ಮೆಥಡಿಸ್ಟ್ ಶಾಲೆಯ ಮೇಷ್ಟ್ರಾಗಿದ್ದರು ಎಂಬುದು ಆ ಹಾಡಿನ ನಡುವೆ ಕೂತಾಗ ಸಹಜವೆನಿಸಿತು.

ಸಂಘಕ್ಕೆ ಕಷ್ಟಗಳಿವೆ. ಅಂಗಡಿ, ಮಾಲ್, ಕಾಲ್ ಸೆಂಟರುಗಳಲ್ಲಿ ದುಡಿಯುವ ಸೊಸೆಯಂದಿರಿಗೆ ಗುರುವಾರದ ಬಿಡುವಿಲ್ಲ. ಮದುವೆಯಾಗದ ತಾಯಂದಿರನ್ನು ಬಹುಕಾಲ ದೂರವಿಟ್ಟ ನಿಯಮಗಳು ಹಲವರ ಮನಸ್ಸು ನೋಯಿಸಿವೆ. ಸಭಾಪಾಲಕರ ಹೆಂಡತಿ ಎಂಬ ಒಂದೇ ಕಾರಣಕ್ಕೆ ಸಂಘದ ಮುಂದಾಳಾಗುವ ಪದ್ಧತಿಯೂ ಇತ್ತು. ಆದರೆ ಆರು ದೇಶಗಳಲ್ಲಿ ಹರಡಿರುವ ಈ ಮೆಥಡಿಸ್ಟ್ ಸಭೆ 2019ರಲ್ಲಿ ಪ್ಯೂರಿಟಿ ಮಲಿಂಗಾ ಅವರನ್ನು ಪ್ರಧಾನ ಬಿಷಪ್ಪಾಗಿ ಆರಿಸಿತು. ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರು. ಬದಲಾವಣೆ ಮೇಲಿನಿಂದ ಬಂದಿದೆ, ಕೆಳಗೂ ಇಳಿಯಬೇಕು. ಇಲ್ಲದಿದ್ದರೆ ಅಮ್ಮನ ತಲೆಮಾರು ಹೋದ ಮೇಲೆ ಮಗ್ಗುಲು ಬದಲಿಸುವವರು, ಹೆಣ ತೊಳೆಯುವವರು ಯಾರು? ಸಂಬಳವಿಲ್ಲದ ಈ ದುಡಿಮೆ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಕಾಣಬೇಕಿತ್ತು.

ಸೊವೆಟೊಗೆ ಹೋದವರೆಲ್ಲ ಮಂಡೇಲಾ, ಟುಟು ಅವರ ಮನೆಗಳಿದ್ದ ವಿಲಕಾಜಿ ರಸ್ತೆ ನೋಡಿ ಹಿಂತಿರುಗುತ್ತಾರೆ. ನೀವು ಹೋಗುವುದಾದರೆ ಗುರುವಾರ ಹೋಗಿ. ಸಭಾಪಾಲಕರ ಅನುಮತಿ ಕೇಳಿ, ಕ್ಯಾಮೆರಾ ಚೀಲದೊಳಗಿಟ್ಟು, ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಸಾವಿನ ಮನೆಗೆ ಕರೆದರೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ತೆಗೆದುಕೊಂಡು ಹೋಗಿ.