ಆರ್ಕುಟ್ ಕಂಡರಾಗದ ಹುಳು

ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕೂತು ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ ತೆರೆದಿದ್ದೆ. ಗೆಳೆಯರು ಬರೆದ ಒಂದು ಸ್ಕ್ರ್ಯಾಪನ್ನೂ ಓದಿರಲಿಲ್ಲ, ಬ್ರೌಸರ್ ಪಟ್ಟನೆ ಮುಚ್ಚಿಕೊಂಡು ಒಂದು ಪುಟ್ಟ ಪೆಟ್ಟಿಗೆ ಎದುರಿಗೆ ಬಂತು. ಆರ್ಕುಟ್ ನಿಷೇಧವಾಗಿದೆಯಂತೆ, ನಾನು ಮೂರ್ಖನಂತೆ, ಇದನ್ನು ಬರೆದದ್ದು ಅಡ್ಮಿನಿಸ್ಟ್ರೇಟರ್ ಅಲ್ಲವಂತೆ, ಯಾರೆಂದು ನಾನೇ ಊಹಿಸಬೇಕಂತೆ. ಕೊನೆಗೆ ಕಂಪನಿ ನಾಟಕದ ಖಳನ ಹಾಗೆ ಒಂದು ‘ಮುಹಾಹಾಹಾ’. ಕೆಫೆಯ ಹುಡುಗ ಎದ್ದೂ ಬರಲಿಲ್ಲ. ‘ಸರ್, ಪೆನ್ ಡ್ರೈವ್ ಹಾಕಿದ್ರಾ?’ ಎಂದು ಕೂತಲ್ಲಿಂದಲೇ ಕೇಳಿದ.

ಹಾಕಿದ್ದೆ. ಡಿಟಿಪಿ ಅಂಗಡಿಯೊಂದರಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಲೇಖನ ಅದರಲ್ಲಿತ್ತು. 2007ರ ಆಸುಪಾಸಿನ ಮಾತು. ಮದುವೆ ಕಾಗದ, ಪ್ರಾಜೆಕ್ಟ್ ರಿಪೋರ್ಟು, ಸಿನಿಮಾ ಹಾಡು ಎಲ್ಲಕ್ಕೂ ಆಗ ಪೆನ್ ಡ್ರೈವೇ ವಾಹನ. ಡಿಟಿಪಿಯಿಂದ ಪ್ರೆಸ್ಸಿಗೆ, ಪ್ರೆಸ್ಸಿನಿಂದ ಮನೆಗೆ, ಮನೆಯಿಂದ ಕಾಲೇಜಿನ ಲ್ಯಾಬಿಗೆ. ಆರ್ಕುಟ್ ಬೇಡವೆನ್ನುವ ಈ ಕಂಪ್ಯೂಟರ್ ಹುಳುವಿಗೆ ಊರೂರು ತಿರುಗಲು ಇಂಟರ್ನೆಟ್ಟಿನ ಹಂಗೇ ಇರಲಿಲ್ಲ.

ಇದು ಅಡಗಿ ಕೂರುತ್ತಿದ್ದದ್ದು ಸಿ ಡ್ರೈವಿನಲ್ಲಿ ತಾನೇ ಮಾಡಿಕೊಂಡ ‘ಹೀಪ್41ಎ’ ಎಂಬ ಗುಪ್ತ ಫೋಲ್ಡರಿನಲ್ಲಿ. ಜನ ಹುಳುವಿಗೂ ಅದೇ ಹೆಸರಿಟ್ಟರು. ಒಳಗೆ ಇಣುಕಿದರೆ ನಗು ಬರುತ್ತಿತ್ತು. ಮರಿ ಹಾಕುವ ವಿಧಾನ ಬರೆದಿಟ್ಟ ಕಡತದ ಹೆಸರು ‘ರಿಪ್ರೊಡ್ಯೂಸ್’. ಪೆನ್ ಡ್ರೈವಿಗೆ ಸೇರಬೇಕಾದ ಸಾಮಾನು ಕಾದಿರುತ್ತಿದ್ದ ಫೋಲ್ಡರ್ ‘ಆಫ್‌ಸ್ಪ್ರಿಂಗ್’, ಅಂದರೆ ಸಂತಾನ. ಇಡೀ ಹುಳುವನ್ನು ಹೆಣೆದದ್ದು ಆಟೊಹಾಟ್‌ಕೀಯಲ್ಲಿ. ಕೀಬೋರ್ಡಿನ ದುಡಿಮೆ ಉಳಿಸಲು ಗುಮಾಸ್ತರೂ ಬಳಸಬಹುದಾದ ಉಚಿತ ಸಾಧನ ಅದು. ಯೂಟ್ಯೂಬಿಗೂ ಇದರ ಕಾಟವಿತ್ತು. ಫೈರ್‌ಫಾಕ್ಸ್ ತೆರೆದರೆ, ಮೊಜಿಲ್ಲಾ ಮೇಲೆ ತನಗೆ ದ್ವೇಷವೇನಿಲ್ಲ, ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಬಳಸು ಎಂಬ ಗದರಿಕೆ. ಇಂಥದನ್ನು ಬರೆದವರೆಲ್ಲ ಹೆಸರು ಮುಚ್ಚಿಟ್ಟವರಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಗಳ ಮೇಲೇರಿ ದೇಶ ಸುತ್ತಿತ್ತು. ಅವರು ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಅದರೊಳಗೇ ಬರೆದಿಟ್ಟಿದ್ದರು. ಈ ಹುಳು ಬರೆದವನು ಊಹಿಸು ಎನ್ನುತ್ತಾನೆ. ಅಡ್ಮಿನಿಸ್ಟ್ರೇಟರ್ ಮೇಲಿನ ಆ ಕೊಂಕು ಕೇಳಿದರೆ ನನಗಂತೂ ಯಾವುದೋ ಹಾಸ್ಟೆಲ್ ಕೋಣೆಯ ವಾಸನೆ ಬರುತ್ತದೆ.

ತುಂಟ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಅವನಿಗೆ ಬಾಗಿಲು ತೆರೆದವರ ಮೇಲೆ. ವಿಂಡೋಸ್ 95ರ ಜತೆ ‘ಆಟೊರನ್’ ಬಂತು. ಸಿಡಿ ಹಾಕಿದ ಗಿರಾಕಿ ಏನು ಒತ್ತಬೇಕೆಂದು ತಡಕಾಡಬಾರದು, ತಾನಾಗಿ ಶುರುವಾಗಲಿ ಎಂಬ ಉಪಚಾರ. ಅಚ್ಚಾಗಿ ಬಂದ ಸಿಡಿಗೆ ಯಾರೂ ಏನೂ ಸೇರಿಸಲಾಗದು, ಹಾಗಾಗಿ ಅಲ್ಲಿ ಅದು ನಡೆಯಿತು. ಪೆನ್ ಡ್ರೈವಿನ ಮೇಲೆ ಯಾರು ಬೇಕಾದರೂ ಬರೆಯಬಹುದು. ಆದರೂ ವಿಂಡೋಸ್ ಎಕ್ಸ್‌ಪಿಯಲ್ಲಿ ಡ್ರೈವಿನ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಒಳಗಿನ ‘ಆಟೊರನ್.ಐಎನ್‌ಎಫ್’ ಹೇಳಿದ್ದನ್ನು ಕಂಪ್ಯೂಟರ್ ಶಿರಸಾವಹಿಸಿ ನಡೆಸುತ್ತಿತ್ತು. ಈ ಹುಳು ‘ಮೈಕ್ರೊಸಾಫ್ಟ್‌ಪವರ್‌ಪಾಯಿಂಟ್’ ಎಂಬ ವೇಷದಲ್ಲಿ ಅಲ್ಲಿ ಕಾದಿರುತ್ತಿತ್ತು.

ಬಿಡಿಸುವ ವಿದ್ಯೆ ಕೆಫೆಯ ಹುಡುಗರಿಗೆ ಬಾಯಿಪಾಠ. ಅವತ್ತು ನಮ್ಮ ಕೆಫೆಯ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದ. ‘ಎಸ್‌ವಿಸಿಹೋಸ್ಟ್’ ಎಂಬ ಹೆಸರಿನ ಆರೇಳು ಸಾಲು. ವಿಂಡೋಸಿನ ಅಸಲಿ ಕೆಲಸಗಾರನ ಹೆಸರದು. ಹುಳುವೂ ಅದನ್ನೇ ಇಟ್ಟುಕೊಂಡಿತ್ತು. ‘ಹೆಸರು ನೋಡ್ಬೇಡಿ ಸರ್, ಯಜಮಾನ ಯಾರು ನೋಡಿ’ ಎಂದ. ಅಸಲಿಯ ಎದುರು ಸಿಸ್ಟಮ್, ಲೋಕಲ್ ಸರ್ವಿಸ್, ನೆಟ್‌ವರ್ಕ್ ಸರ್ವಿಸ್ ಎಂದಿತ್ತು. ನಕಲಿಯ ಎದುರು ನಾವು ಲಾಗಿನ್ ಆದ ಹೆಸರು. ಅಂಥವನ್ನು ಹೆಕ್ಕಿ ಕೊಂದ. ವಿಳಾಸಪಟ್ಟಿಯಲ್ಲಿ ನೇರವಾಗಿ ಹೀಪ್41ಎ ಎಂದು ಟೈಪಿಸಿ ಗುಪ್ತ ಫೋಲ್ಡರಿಗೆ ಹೋಗಿ, ಬೇರುಸಹಿತ ಅಳಿಸಿದ. ರಿಜಿಸ್ಟ್ರಿಯಲ್ಲಿ ಅದೇ ಹೆಸರು ಹುಡುಕಿ, ಕಂಪ್ಯೂಟರ್ ಶುರುವಾದೊಡನೆ ಹುಳುವನ್ನು ಎಬ್ಬಿಸುವ ಸಾಲನ್ನೂ ತೆಗೆದ. ಆಮೇಲೆ ಪೆನ್ ಡ್ರೈವಿನ ಸರದಿ. ಕಪ್ಪು ಕಿಟಕಿಯಲ್ಲಿ ‘ಅಟ್ರಿಬ್’ ಎಂದು ಹೊಡೆದು, ಅಡಗಿದ್ದ ಎರಡು ಕಡತಗಳ ಮುಸುಕು ಸರಿಸಿ, ಎರಡನ್ನೂ ಒರೆಸಿದ. ಒಂದನ್ನೇ ಒರೆಸಿ ಐಎನ್‌ಎಫ್ ಬಿಟ್ಟರೆ ಡ್ರೈವಿನ ಚಿತ್ರ ಕ್ಲಿಕ್ಕಿಗೆ ತೆರೆಯದೆ ಮೊಂಡು ಹಿಡಿಯುತ್ತಿತ್ತು. ಅರೆಬರೆ ಆಂಟಿವೈರಸ್‌ಗಳು ಮಾಡುತ್ತಿದ್ದ ಕೆಲಸವೇ ಅದು.

ಕೊನೆಯದು ಅವನ ಕೈಚಳಕ. ಪೆನ್ ಡ್ರೈವಿನಲ್ಲಿ ‘ಆಟೊರನ್.ಐಎನ್‌ಎಫ್’ ಎಂಬ ಹೆಸರಿನ ಒಂದು ಖಾಲಿ ಫೋಲ್ಡರ್ ಮಾಡಿಟ್ಟ. ಒಂದೇ ಹೆಸರಿನ ಫೋಲ್ಡರೂ ಕಡತವೂ ಒಂದೇ ಕಡೆ ಇರಲಾರವು. ಹುಳು ಮತ್ತೆ ಬಂದರೆ ಅದರ ಜಾಗದಲ್ಲಿ ಇದು ಕೂತಿರುತ್ತದೆ. ‘ಟವೆಲ್ ಹಾಕಿದೀನಿ ಸರ್’ ಎಂದ. ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವವನ ಧಾಟಿಯಲ್ಲಿ.

ಇಂಥ ಪೆನ್ ಡ್ರೈವ್ ಹುಳುಗಳನ್ನು ಪೋರರ ಆಟವೆಂದು ನಗುತ್ತಿದ್ದವರೂ ಇದ್ದರು. ಆದರೆ 2008ರಲ್ಲಿ ಮಧ್ಯಪ್ರಾಚ್ಯದ ಅಮೆರಿಕನ್ ನೆಲೆಯೊಂದರಲ್ಲಿ ಯಾರೋ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಫ್ಲ್ಯಾಶ್ ಡ್ರೈವಿನಿಂದ ‘ಏಜೆಂಟ್.ಬಿಟಿಝಡ್’ ಎಂಬ ಹುಳು ಸೇನೆಯ ಗುಪ್ತ ಜಾಲಕ್ಕೇ ಹೊಕ್ಕಿತು. ಅದೂ ಬಂದದ್ದು ಇದೇ ಆಟೊರನ್ ಬಾಗಿಲಿನಿಂದ. ಆ ನವೆಂಬರಿನಲ್ಲಿ ಪೆಂಟಗನ್ ಪೆನ್ ಡ್ರೈವುಗಳನ್ನೇ ನಿಷೇಧಿಸಿತು.

ಮೈಕ್ರೊಸಾಫ್ಟ್ ಪೆನ್ ಡ್ರೈವಿಗೆ ಈ ಬಾಗಿಲು ಮುಚ್ಚಿದ್ದು 2009ರ ವಿಂಡೋಸ್ 7ರಲ್ಲಿ. ಎಕ್ಸ್‌ಪಿ, ವಿಸ್ತಾಗಳಿಗೆ ಆ ತೇಪೆ ಮಾಮೂಲಿ ಅಪ್‌ಡೇಟಿನ ಜತೆ ಬರಲು 2011ರ ಫೆಬ್ರುವರಿ ಆಯಿತು. ಕಳ್ಳಪ್ರತಿಯ ಎಕ್ಸ್‌ಪಿ ಇಟ್ಟುಕೊಂಡು ಅಪ್‌ಡೇಟನ್ನೇ ಆರಿಸಿಟ್ಟಿದ್ದ ಕೆಫೆಗಳಿಗೆ ಅದು ತಲುಪುವ ಮಾತೇ ಇರಲಿಲ್ಲ. 2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟ್ಟನ್ನೇ ಮುಚ್ಚಿತು. ನನ್ನ ಕೆಫೆ ಇದ್ದ ಮಳಿಗೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಮೇಜಿನ ಡ್ರಾಯರಿನಲ್ಲಿ ಆ ಪೆನ್ ಡ್ರೈವ್ ಸಿಕ್ಕಿತು, ಸಿಕ್ಕಿಸಿ ನೋಡಿದೆ. ಹುಡುಗ ಹಾಕಿದ ಟವೆಲ್ ಹಾಗೇ ಇದೆ. ಪಕ್ಕದಲ್ಲಿದ್ದ ನನ್ನ ಲೇಖನ ತೆರೆದರೆ, ನುಡಿಯ ಆ ಹಳೆಯ ಫಾಂಟ್ ಈ ಕಂಪ್ಯೂಟರಿನಲ್ಲಿಲ್ಲದೆ ಎರಡು ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.